ಡಿಐ ಜೀಪು: ಬೆಲ್ ಹೌಸಿಂಗ್ ಕೆಳಗೆ ಆಯಿಲ್ ತೊಟ್ಟಿಕ್ತಿದೆ, ಹಿಂದಿನ ಸೀಲೇ ಹೋಗಿದೆಯಾ?

ಬಾಳೂರು ಜೀಪು (ಮೂಡಿಗೆರೆ ತಾಲ್ಲೂಕು)

ನಮಸ್ಕಾರ. ಗಾಡಿ 2001ರ ಡಿಐ ಜೀಪು, 2523 ಸಿಸಿ, ಟರ್ಬೊ ಇಲ್ಲದ್ದು, ಫೋರ್ ವೀಲ್. ಓಡಿರೋದು ಎರಡೂಕಾಲು ಲಕ್ಷ ಕಿ.ಮೀ. ಹಾಕೋ ಆಯಿಲ್ 15ಡಬ್ಲ್ಯೂ-40. ತೋಟದ ರಸ್ತೆ, ಮೂಡಿಗೆರೆ ಪೇಟೆ, ವಾರಕ್ಕೊಂದು ಸಲ ಚಾರ್ಮಾಡಿ ಇಳಿದು ಹತ್ತೋದು, ಇಷ್ಟೇ ಓಡಾಟ.

ರಾತ್ರಿ ನಿಲ್ಲಿಸಿದ್ರೆ ಬೆಳಿಗ್ಗೆ ಹೊತ್ತಿಗೆ ಬೆಲ್ ಹೌಸಿಂಗ್ (ಇಂಜಿನ್, ಗೇರ್ ಬಾಕ್ಸ್ ನಡುವಿನ ಕ್ಲಚ್ ಗೂಡು) ಕೆಳಗೆ ಉದ್ದಿನ ವಡೆ ಅಗಲದ ಕಲೆ. 1000 ಕಿ.ಮೀ.ಗೆ ಮುಕ್ಕಾಲು ಲೀಟರ್ ಟಾಪ್ ಅಪ್ ಬೇಕು. ಆಯಿಲ್ ಚೇಂಬರ್, ಗೇರ್ ಬಾಕ್ಸ್ ಹೊಟ್ಟೆ, ಟ್ರಾನ್ಸ್‌ಫರ್ ಕೇಸ್ ತನಕ ಎಲ್ಲಾ ಒದ್ದೆ. ಅದರ ಮೇಲೆ ಕೆಮ್ಮಣ್ಣು ಕೂತು ಎಲ್ಲಿಂದ ಬರ್ತಿದೆ ಅನ್ನೋದೇ ಗೊತ್ತಾಗಲ್ಲ. ಟ್ಯಾಪೆಟ್ ಕವರ್ (ಇಂಜಿನ್ ತಲೆ ಮೇಲಿನ ಮುಚ್ಚಳ) ಪ್ಯಾಕಿಂಗ್ ಆರು ತಿಂಗಳ ಹಿಂದೆ ಹೊಸದು ಹಾಕಿದ್ದು. ಕ್ಲಚ್ ಜಾರ್ತಿಲ್ಲ. ಮೆಕ್ಯಾನಿಕ್ "ಗೇರ್ ಬಾಕ್ಸ್ ಇಳಿಸಿ ಹಿಂದಿನ ಕ್ರ್ಯಾಂಕ್ ಸೀಲ್ (ಕ್ರ್ಯಾಂಕ್ ಶಾಫ್ಟ್ ಹಿಂದಿನ ತುದಿಯ ಆಯಿಲ್ ಸೀಲ್) ಹಾಕೋಣ" ಅಂತಾರೆ. ಇಳಿಸೋಕೆ ಮುಂಚೆ ಖಾತ್ರಿ ಮಾಡ್ಕೊಳ್ಳೋದು ಹೇಗೆ? ಮಳೆ ಹಿಡಿಯೋದ್ರೊಳಗೆ ಮುಗೀಬೇಕು.

ಹಳೇ ಸ್ಪ್ಯಾನರ್ (ಹಾಸನ)

ಗೇರ್ ಬಾಕ್ಸ್ ಸದ್ಯಕ್ಕೆ ಇದ್ದಲ್ಲೇ ಇರ್ಲಿ ಸಾರ್. ಮೊದಲು ಲೆಕ್ಕ ಹಾಕಿ. ಸುಮಾರು 20 ತೊಟ್ಟು ಸೇರಿದ್ರೆ 1 ಮಿ.ಲೀ. ವಡೆ ಅಗಲದ ಕಲೆಗೆ 40 ತೊಟ್ಟು ಬಿದ್ದಿದೆ ಅಂದ್ಕೊಂಡ್ರೂ ರಾತ್ರಿಗೆ 2 ಮಿ.ಲೀ., ತಿಂಗಳಿಗೆ 60. ತಿಂಗಳಿಗೆ 1000 ಕಿ.ಮೀ. ಓಡಿಸ್ತೀರಿ ಅಂದ್ಕೊಂಡ್ರೆ ನೀವು ಹಾಕ್ತಿರೋದು 750. ಉಳಿದದ್ದು ಒಂದೋ ಸೈಲೆನ್ಸರಿನಲ್ಲಿ ನೀಲಿ ಹೊಗೆಯಾಗಿ ಹೋಗ್ತಿದೆ, ಇಲ್ಲಾ ಇಂಜಿನ್ ಓಡುವಾಗ ಮಾತ್ರ ಪ್ರೆಶರ್ ಇರೋ ಜಾಗದಿಂದ ಚಿಮ್ತಿದೆ. ಹಿಂದಿನ ಸೀಲೂ ಓಡುವಾಗಲೇ ಜಾಸ್ತಿ ಬಿಡೋದು ನಿಜ. ಆದ್ರೆ ಅದೊಂದೇ ಇಷ್ಟು ಬಿಟ್ಟಿದ್ರೆ ಈ ಹೊತ್ತಿಗೆ ಚಾರ್ಮಾಡಿ ಏರಿನಲ್ಲಿ ಕ್ಲಚ್ ಜಾರೋಕೆ ಶುರುವಾಗಿರ್ಬೇಕಿತ್ತು.

ಎರಡನೇದು, ಬಿದ್ದಿರೋದು ಯಾವ ಆಯಿಲ್? ಡೀಸೆಲ್ ಇಂಜಿನ್ನಿನದು ಬದಲಾಯಿಸಿದ ಎರಡೇ ದಿನಕ್ಕೆ ಮಸಿ ಬಣ್ಣ. ಗೇರ್ ಆಯಿಲ್ ಜೇನಿನ ಬಣ್ಣ, ಬೆರಳಿಗೆ ಅಂಟುತ್ತೆ, ಗಂಧಕದ ವಾಸನೆ ಮೂಗಿಗೆ ಹೊಡೆಯುತ್ತೆ. ಫೋರ್ ವೀಲ್ ಗಾಡಿಯಲ್ಲಿ ಬೆಲ್ ಹೌಸಿಂಗ್ ಒಳಕ್ಕೆ ಎರಡೂ ಬರಬಹುದು: ಮುಂದಿನಿಂದ ಇಂಜಿನ್ ಆಯಿಲ್, ಹಿಂದಿನಿಂದ ಗೇರ್ ಬಾಕ್ಸ್ ಇನ್‌ಪುಟ್ ಶಾಫ್ಟ್ ಸೀಲ್ ದಾಟಿ ಗೇರ್ ಆಯಿಲ್. ಒಂದು ತೊಟ್ಟು ಬಿಳಿ ಹಾಳೆ ಮೇಲೆ ಬಿಟ್ಟು ಒಂದು ಗಂಟೆ ಇಡಿ. ಕಪ್ಪು ಮಧ್ಯದಲ್ಲೇ ನಿಂತು ಸುತ್ತ ತೆಳು ಎಣ್ಣೆಯ ಉಂಗುರ ದೂರಕ್ಕೆ ಹರಡಿದ್ರೆ ಅದರಲ್ಲಿ ಡೀಸೆಲ್ ಸೇರಿದೆ ಅನ್ನೋ ಗುಮಾನಿ. ಅದು ಬೇರೆಯೇ ಕಥೆ, ಕೆಳಗೆ ಯಾರಾದ್ರೂ ಬರೀತಾರೆ.

ಆಮೇಲೆ ತೊಳೆಯೋದು. ಇದನ್ನ ಬಿಟ್ಟು ಬೇರೆ ದಾರಿ ಇಲ್ಲ. ಕೊಳೆ ಇರೋ ಇಂಜಿನ್ನಿನಲ್ಲಿ ಲೀಕ್ ಹುಡುಕೋದು ಕೆಸರಲ್ಲಿ ಕಾಸು ಹುಡುಕಿದ ಹಾಗೆ. ಇಂಜಿನ್ ಉಗುರುಬೆಚ್ಚಗಿರ್ಲಿ, ಬಿಸಿ ಬೇಡ. ಬ್ಯಾಟರಿ ನೆಗೆಟಿವ್ ಬಿಚ್ಚಿ, ಆಲ್ಟರ್ನೇಟರ್, ಸ್ಟಾರ್ಟರ್, ಏರ್ ಕ್ಲೀನರ್ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ. ಮಣ್ಣಿನ ಹೆಪ್ಪನ್ನ ಮರದ ಚಕ್ಕೆಯಲ್ಲಿ ಕೆರೆದು ತೆಗೀರಿ. 2 ಲೀಟರ್ ಡೀಸೆಲ್, 2 ಇಂಚಿನ ಪೇಂಟ್ ಬ್ರಶ್ ಸಾಕು. ಮೇಲಿಂದ ಕೆಳಕ್ಕೆ ಹಚ್ತಾ ಬನ್ನಿ, ಕಾಲು ಗಂಟೆ ನೆನೆಯೋಕೆ ಬಿಡಿ. ಆಮೇಲೆ ಸೋಪಿನ ನೀರು, ಆಮೇಲೆ ಬರೀ ನೀರು. ಪ್ರೆಶರ್ ವಾಶ್ ಮಾಡಿಸಿದ್ರೆ ಗನ್ನನ್ನ ಸೀಲ್‌ಗಳಿಗೆ ನೇರ ಹಿಡಿಯೋಕೆ ಬಿಡಬೇಡಿ. ಬೆಲ್ ಹೌಸಿಂಗ್ ತೂತಿನೊಳಗಂತೂ ಡೀಸೆಲ್ ಹೋಗಲೇಬಾರದು, ಕ್ಲಚ್ ಪ್ಲೇಟ್ ಕೆಡುತ್ತೆ. ತೊಳೆದ ನೀರು ಹಳ್ಳಕ್ಕೆ ಹೋಗದ ಹಾಗೆ ಕೆಳಗೆ ಕಾಫಿ ಹೊಟ್ಟೋ ಮರದ ಹೊಟ್ಟೋ ದಪ್ಪಗೆ ಹರಡಿ. ಕಾಫಿ ಒಣಗಿಸೋ ಕಣ ಸಮತಟ್ಟಾಗಿದೆ ಅಂತ ಅಲ್ಲಿ ತೊಳೀಬೇಡಿ ಮತ್ತೆ. ಸಿಮೆಂಟ್ ಕುಡಿದ ಎಣ್ಣೆ ಮುಂದಿನ ಫಸಲಿಗೆ ವಾಸನೆ ಹಿಡಿಸುತ್ತೆ.

ಒಣಗಿದ ಮೇಲೆ ಎಲ್ಲಾ ಜೋಡಣೆಗಳ ಮೇಲೆ ಟಾಲ್ಕಂ ಪೌಡರ್ ತೆಳುವಾಗಿ ಉದುರಿಸಿ: ಟ್ಯಾಪೆಟ್ ಕವರ್ ಸುತ್ತ, ಟೈಮಿಂಗ್ ಕವರ್, ಆಯಿಲ್ ಫಿಲ್ಟರ್ ಬುಡ, ಪಂಪ್ ಕೂತಿರೋ ಜಾಗ, ಚೇಂಬರ್ ಅಂಚು. ಆಮೇಲೆ ಹಂತ ಹಂತವಾಗಿ ಓಡಿಸಿ. 5 ನಿಮಿಷ ಐಡ್ಲಿಂಗ್, ನೋಡಿ. 10 ನಿಮಿಷ ಸುಮಾರು 1500 ಆರ್‌ಪಿಎಂ, ಮತ್ತೆ ನೋಡಿ. ಆಮೇಲೆ 10–15 ಕಿ.ಮೀ. ಏರು ರಸ್ತೆ. ಒಂದೇ ಸಲ ಕೊಟ್ಟಿಗೆಹಾರಕ್ಕೆ ಹೋಗಿ ಬಂದು ನೋಡಿದ್ರೆ ಮತ್ತೆ ಎಲ್ಲಾ ಒದ್ದೆಯಾಗಿರುತ್ತೆ, ತೊಳೆದದ್ದು ದಂಡ.

ಆಯಿಲ್ ಮೇಲಿಂದ ಕೆಳಕ್ಕೆ ಇಳಿಯುತ್ತೆ, ಫ್ಯಾನ್ ಗಾಳಿ ಅದನ್ನ ಮುಂದಿಂದ ಹಿಂದಕ್ಕೆ ತಳ್ಳುತ್ತೆ. ಹಾಗಾಗಿ ತೊಟ್ಟು ಬೀಳೋ ಜಾಗ ನೋಡ್ಬೇಡಿ. ಒದ್ದೆಯಾಗಿರೋದ್ರಲ್ಲಿ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಇರೋ ಜಾಗ ಯಾವುದು ನೋಡಿ. ನಿಮ್ಮ ಗಾಡಿಯಲ್ಲಿ ನಾನು ಮೊದಲು ನೋಡೋದು ಟ್ಯಾಪೆಟ್ ಕವರಿನ ಹಿಂಬದಿ, ಫೈರ್‌ವಾಲ್ (ಇಂಜಿನ್ನಿಗೂ ಡ್ರೈವರ್ ಕೂರೋ ಜಾಗಕ್ಕೂ ನಡುವಿನ ತಗಡು) ಕಡೆ. ಅಲ್ಲಿ ಬಿಟ್ಟ ಆಯಿಲ್ ಹೆಡ್ಡಿನ ಬೆನ್ನಿಗೆ ಇಳಿದು, ಬೆಲ್ ಹೌಸಿಂಗ್ ತಲೆ ಮೇಲೆ ನಿಂತು, ಜೋಡಣೆಯ ಸಂದಿನಲ್ಲಿ ಒಳಗೆ ಹೋಗಿ, ಕೆಳಗಿನ ತೂತಿನಲ್ಲಿ ತೊಟ್ಟಿಕ್ಕುತ್ತೆ. ನೋಡಿದವರೆಲ್ಲ ಹಿಂದಿನ ಸೀಲು ಅಂತಾರೆ. ಕೈಗೆ, ಕಣ್ಣಿಗೆ ಸಿಗದ ಜಾಗ ಅದು. ಮೊಬೈಲಿನಲ್ಲಿ ವಿಡಿಯೊ ಹಾಕಿ, ಟಾರ್ಚ್ ಆನ್ ಮಾಡಿ ಹಿಂದಕ್ಕೆ ತೂರಿಸಿ.

ಗಿರಿಸಾಲು (ಚಿಕ್ಕಮಗಳೂರು)

ಮೇಲಿನವರು ಹೇಳಿದ್ದು ಸರಿ. ಆದ್ರೆ ಯಾವ ಸೀಲಿಗೂ ಕೈ ಹಾಕೋ ಮೊದಲು ಬ್ರೀದರ್ ನೋಡಿ ಮಾರಾಯ್ರೆ. ಪಿಸ್ಟನ್ ಉಂಗುರ ದಾಟಿ ಸ್ವಲ್ಪ ಗ್ಯಾಸ್ ಕೆಳಗೆ ಬರೋದು ಹೊಸ ಇಂಜಿನ್ನಿನಲ್ಲೂ ಇದೆ. ಅದು ಹೊರಗೆ ಹೋಗೋ ದಾರಿ ಬ್ರೀದರ್ ಪೈಪು. ಆ ದಾರಿ ಕಟ್ಟಿದ್ರೆ ಕ್ರ್ಯಾಂಕ್ ಕೇಸಿನೊಳಗೆ ಪ್ರೆಶರ್ ಏರಿ, ಯಾವ ಸೀಲ್ ಬಡಪಾಯಿಯೋ ಅದರಿಂದ ಆಯಿಲನ್ನ ಹೊರಗೆ ನೂಕುತ್ತೆ. ಇವತ್ತು ಹಿಂದಿನ ಸೀಲ್ ಹೊಸದು ಹಾಕಿ, ನಾಳೆ ಮುಂದಿನದು ಬಿಡುತ್ತೆ.

ಬ್ರೀದರ್ ಕಟ್ಟೋದಕ್ಕೆ ಕಾರಣ ಮೂರು. ಒಳಗಿನ ತಂತಿ ಜಾಲರಿಗೆ ಮಡ್ಡಿ ಹಿಡಿಯೋದು, ರಬ್ಬರ್ ಪೈಪು ಮೆತ್ತಗಾಗಿ ಒಳಗೇ ಚಪ್ಪಟೆಯಾಗೋದು, ಮೂರನೇದು ನಮ್ಮ ಕಡೆಗೇ ವಿಶೇಷ: ಮಳೆಗಾಲದಲ್ಲಿ ಶೆಡ್ಡಿನಲ್ಲಿ ನಿಂತ ಗಾಡಿಯ ಪೈಪಿನ ಬಾಯಿಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟೋದು. ಪೈಪು ಬಿಚ್ಚಿ ಬಾಯಲ್ಲಿ ಊದಿ ನೋಡಿ, ಒಂಚೂರೂ ತಡೆಯಬಾರದು. ಜಾಲರಿಯನ್ನ ಡೀಸೆಲ್‌ನಲ್ಲಿ ರಾತ್ರಿ ನೆನೆಸಿ ಬೆಳಿಗ್ಗೆ ಗಾಳಿ ಹೊಡೆಸಿ.

ಪ್ರೆಶರ್ ಅಳೆಯೋಕೆ ಗಾರೆಯವರ ಲೆವೆಲ್ ಪೈಪ್ ಸಾಕು. ಆಚೀಚೆ ಎರಡು ಮೀಟರ್ ತುಂಡು, ಯು ಆಕಾರಕ್ಕೆ ಹಲಗೆ ಮೇಲೆ ಕಟ್ಟಿ ಅರ್ಧ ನೀರು ತುಂಬಿ. ಒಂದು ತುದಿಯನ್ನ ಆಯಿಲ್ ಗೇಜ್ ಕಡ್ಡಿಯ ಕೊಳವೆಗೆ ಗಾಳಿ ಸೋರದ ಹಾಗೆ ಸಿಕ್ಕಿಸಿ, ಇನ್ನೊಂದು ತೆರೆದಿರ್ಲಿ. ಇಂಜಿನ್ ಬಿಸಿಯಾಗಿರೋವಾಗ ಐಡ್ಲಿಂಗ್‌ನಲ್ಲಿ ಎರಡೂ ಕಡೆ ನೀರಿನ ಮಟ್ಟಕ್ಕೆ ಒಂದೆರಡು ಸೆಂಟಿಮೀಟರ್ ವ್ಯತ್ಯಾಸ ಇದ್ರೆ ಚಿಂತೆ ಇಲ್ಲ. ರೇಸ್ ಮಾಡಿದಾಗ ಹತ್ತು ದಾಟಿದ್ರೆ ಚಿಂತೆ ಮಾಡಿ. ಈಗ ಬ್ರೀದರ್ ಪೈಪನ್ನ ಬುಡದಲ್ಲೇ ಕಳಚಿ ಮತ್ತೆ ನೋಡಿ. ನೀರು ಪಟ್ಟನೆ ಇಳಿದ್ರೆ ತಪ್ಪು ಪೈಪಿನದು. ಇಳಿಯದೆ, ಕಳಚಿದ ಬಾಯಲ್ಲಿ ರೈಲಿನ ಹಾಗೆ ಹೊಗೆ ಉಗುಳಿದ್ರೆ ಉಂಗುರ ಸವೆದಿದೆ. ಆಗ ಕಂಪ್ರೆಶನ್ ಚೆಕ್ ಮಾಡಿಸಿ. ಒಂದು ಸಿಲಿಂಡರ್ ಉಳಿದವಕ್ಕಿಂತ 4–5 ಬಾರ್ ಕೆಳಗಿದ್ರೆ ಸೀಲಿಗೆ ದುಡ್ಡು ಹಾಕೋದು ವ್ಯರ್ಥ.

ಪೈಪ್ ತಂದು ಕಟ್ಟೋಕೆ ಬೇಜಾರಾದ್ರೆ ಇಂಜಿನ್ ಐಡ್ಲಿಂಗ್‌ನಲ್ಲಿರೋವಾಗ ಆಯಿಲ್ ತುಂಬೋ ಮುಚ್ಚಳ ತಿರುಗಿಸಿ ಬಾಯಿ ಮೇಲೆ ಬೋರಲು ಇಡಿ. ನಡುಗಿದ್ರೆ ಸರಿ. ಕುಣಿದು ಬಿದ್ರೆ ಸರಿಯಿಲ್ಲ.

ಇನ್ನೊಂದು, ಮಟ್ಟ. ತೋಟದ ಅಂಗಳ ಇಳಿಜಾರು, ಗಾಡಿ ಮೂತಿ ಮೇಲಾಗಿ ನಿಂತಿರುತ್ತೆ, ಗೇಜ್ ಕಡ್ಡಿ ಕಡಿಮೆ ತೋರಿಸಬಹುದು, ಒಂದು ಲೀಟರ್ ಹೆಚ್ಚಿಗೆ ಹೊಯ್ತಾರೆ. ಹೆಚ್ಚಾದದ್ದನ್ನ ಇಂಜಿನ್ ತಾನೇ ಹೊರಗೆ ಹಾಕುತ್ತೆ. ಮಟ್ಟದ ನೆಲ, ಇಂಜಿನ್ ನಿಂತು 10 ನಿಮಿಷ, ಆಮೇಲೆ ನೋಡೋದು. ಏನೂ ಹಾಕದೆ ಮಟ್ಟ ಏರ್ತಿದ್ರೆ ಡೀಸೆಲ್ ಇಳೀತಿದೆ. ಬ್ಲಾಕಿಗೆ ಕೂತಿರೋ ಡಯಾಫ್ರಂ ಫೀಡ್ ಪಂಪ್ ಇದ್ರೆ ಅದರ ಡಯಾಫ್ರಂ, ಇಲ್ಲಾಂದ್ರೆ ಇಂಜೆಕ್ಷನ್ ಪಂಪಿನ ಮುಂದಿನ ಸೀಲ್ ನೋಡಿ. ತೆಳ್ಳಗಾದ ಆಯಿಲ್ ಎಲ್ಲಾ ಸಂದಿಯಲ್ಲೂ ಜಿನುಗುತ್ತೆ, ಬೇರಿಂಗಿಗೂ ಒಳ್ಳೇದಲ್ಲ, ಆ ಸ್ಥಿತಿಯಲ್ಲಿ ಘಾಟಿ ಇಳೀಬೇಡಿ.

ಬಾಳೂರು ಜೀಪು

ಥ್ಯಾಂಕ್ಸ್. ತೊಳೆದೆ, ಪೌಡರ್ ಹಾಕಿದೆ. ಆಯಿಲ್ ಕಪ್ಪು, ಗೇರ್ ಆಯಿಲ್ ಅಲ್ಲ, ಹಾಳೆಯಲ್ಲಿ ಡೀಸೆಲ್ ಉಂಗುರವೂ ಇಲ್ಲ. ಮುಚ್ಚಳ ನಡುಗುತ್ತೆ, ಬೀಳಲ್ಲ. ಬ್ರೀದರ್ ಜಾಲರಿಯಲ್ಲಿ ಗ್ರೀಸಿನ ಹಾಗೆ ಮಡ್ಡಿ ಇತ್ತು, ತೆಗೆದೆ. 10 ನಿಮಿಷ ರೇಸ್ ಮಾಡಿದ ಮೇಲೆ ಎರಡು ಕಡೆ ಪೌಡರ್ ಕರಗಿದೆ: ಟ್ಯಾಪೆಟ್ ಕವರಿನ ಹಿಂದಿನ ಅಂಚು ಪೂರ್ತಿ, ಮತ್ತೆ ಆಲ್ಟರ್ನೇಟರ್ ಬೆನ್ನ ಕೆಳಗೆ ಬ್ಲಾಕ್ ಮೇಲೆ ಒಂದು ಗೆರೆ. ಆಲ್ಟರ್ನೇಟರಿಗೂ ಇಂಜಿನ್ ಆಯಿಲಿಗೂ ಏನು ಸಂಬಂಧ?

ಲೇತ್ ಮನೆ (ಸಕಲೇಶಪುರ)

ಸಂಬಂಧ ಇದೆ ಅಣ್ಣ, ಮುಕ್ಕಾಲು ಲೀಟರಿನ ಕಳ್ಳ ಅದೇ ಇರ್ಬೇಕು. ಡೀಸೆಲ್ ಇಂಜಿನ್ನಿನಲ್ಲಿ ಬ್ರೇಕ್ ಬೂಸ್ಟರಿಗೆ ಬೇಕಾದ ವ್ಯಾಕ್ಯೂಮ್ ತಾನಾಗಿ ಹುಟ್ಟಲ್ಲ, ಪೆಟ್ರೋಲಿನ ಹಾಗೆ ಥ್ರಾಟಲ್ ಇಲ್ಲ. ಅದಕ್ಕೇ ಆಲ್ಟರ್ನೇಟರಿನ ಬೆನ್ನಿಗೆ ಒಂದು ವ್ಯಾಕ್ಯೂಮ್ ಪಂಪ್ ಕೂರಿಸಿರ್ತಾರೆ. ಅದರ ಬ್ಲೇಡುಗಳಿಗೆ ಇಂಜಿನ್ ಆಯಿಲ್ ಬೇಕು. ಸಣ್ಣ ಪೈಪಿನಲ್ಲಿ ಪ್ರೆಶರ್ ಆಯಿಲ್ ಬರುತ್ತೆ, ದಪ್ಪ ರಬ್ಬರ್ ಪೈಪಿನಲ್ಲಿ ಆಯಿಲೂ ಗಾಳಿಯೂ ಸೇರಿ ಇಂಜಿನ್ನಿಗೆ ವಾಪಸ್ ಹೋಗುತ್ತೆ. ಇಂಜಿನ್ ನಿಂತ್ರೆ ಆ ಸಣ್ಣ ಪೈಪಿನಲ್ಲಿ ಪ್ರೆಶರ್ ಇಲ್ಲ, ಅದಕ್ಕೇ ರಾತ್ರಿ ಕಲೆ ಚಿಕ್ಕದು, ಓಡುವಾಗ ನಷ್ಟ ದೊಡ್ಡದು.

ಸಣ್ಣ ಪೈಪಿನ ಬ್ಯಾಂಜೊ ಬೋಲ್ಟಿನ (ಒಳಗೆ ಆಯಿಲ್ ಹಾಯೋ ತೂತಿರೋ ಬೋಲ್ಟ್) ಜೋಡಣೆಯ ಎರಡೂ ಕಡೆ ತಾಮ್ರದ ವಾಶರ್ ಇರುತ್ತೆ, ಹೊಸದೇ ಹಾಕಿ. ಪೇಟೆಯಲ್ಲಿ ಸಿಗದೆ ಹಳೇದನ್ನೇ ಹಾಕೋದಾದ್ರೆ ಗ್ಯಾಸ್ ಒಲೆ ಮೇಲೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿ, ತಾಮ್ರ ಮತ್ತೆ ಮೆತ್ತಗಾಗುತ್ತೆ. ಮೇಲಿನ ಕರಿಯನ್ನ 400 ನಂಬರ್ ಎಮರಿಯಲ್ಲಿ ಗಾಜಿನ ಮೇಲಿಟ್ಟು ಉಜ್ಜಿ. ಬ್ಯಾಂಜೊಗೆ ಟೆಫ್ಲಾನ್ ಟೇಪ್ ಸುತ್ತೋರಿದ್ದಾರೆ, ಬೇಡವೇ ಬೇಡ. ಸೀಲ್ ಆಗೋದು ವಾಶರಿನಲ್ಲಿ, ಥ್ರೆಡ್ಡಿನಲ್ಲಲ್ಲ. ಟೇಪಿನ ಚೂರು ಒಳಗೆ ಹೋದ್ರೆ ಪಂಪಿಗೆ ಆಯಿಲ್ ನಿಲ್ಲುತ್ತೆ.

ವಾಪಸ್ ಪೈಪು ಬೆರಳಲ್ಲಿ ಹಿಸುಕಿದಾಗ ಕೋಲಿನ ಹಾಗೆ ಗಟ್ಟಿ ಇದ್ರೆ ಬದಲಾಯಿಸಿ. ಆಯಿಲ್ ತಡೆಯೋ ನೈಟ್ರೈಲ್ ಪೈಪೇ ಕೇಳಿ. ರೇಡಿಯೇಟರ್ ಪೈಪಿನ ತುಂಡು ಹಾಕ್ತೀನಿ ಅಂದ್ರೆ ಒಪ್ಕೋಬೇಡಿ, ನೀರಿಗೆ ಮಾಡಿದ ರಬ್ಬರ್ ಆಯಿಲಿನಲ್ಲಿ ಊದಿ ಕೆಲವು ತಿಂಗಳಲ್ಲೇ ಕ್ಲಿಪ್ಪಿನಿಂದ ಕಳಚಿಕೊಳ್ಳುತ್ತೆ. ಹಳೇದರಷ್ಟೇ ಉದ್ದ, ಒಂದೇ ಸಮ ಕೆಳಗೆ ಇಳಿಯೋ ಹಾಗೆ, ಎಲ್ಲೂ ಮಡಿಚದ ಹಾಗೆ. ವಾಪಸ್ ದಾರಿ ಮಡಿಚಿದ್ರೆ ಆಯಿಲ್ ಪಂಪಿನಲ್ಲೇ ನಿಂತು, ಶಾಫ್ಟ್ ಸೀಲ್ ದಾಟಿ ಆಲ್ಟರ್ನೇಟರಿನೊಳಗೆ ನುಗ್ಗುತ್ತೆ. ಕಾರ್ಬನ್ ಬ್ರಶ್ ಆಯಿಲ್ ಕುಡಿದು ಚಾರ್ಜಿಂಗ್ ಲೈಟ್ ಮಿಣುಕೋಕೆ ಶುರು. ಈಗ ಮಿಣುಕ್ತಿದೆಯಾ ನೋಡಿ. ಮಿಣುಕ್ತಿದ್ರೆ ಪೈಪಿನ ಜೊತೆ ಆ ಸೀಲೂ ಬೇಕು, ಆಲ್ಟರ್ನೇಟರ್ ಇಳಿಸಿ ಎಲೆಕ್ಟ್ರಿಷಿಯನ್ ಹತ್ರ ಕೊಡಿ. ಬ್ರೇಕ್ ಪೆಡಲ್ ಗಟ್ಟಿಯಾಗಿದೆ ಅನ್ನಿಸಿದ್ರೆ ಅದೂ ಇದೇ ಪಂಪಿನ ದೂರಿರಬಹುದು, ಘಾಟಿ ಇಳಿಯೋ ಗಾಡಿಗೆ ಇದನ್ನ ಮುಂದೂಡೋ ಹಾಗಿಲ್ಲ.

ಹತ್ತಿರದಲ್ಲೇ ಆಯಿಲ್ ಪ್ರೆಶರ್ ಸ್ವಿಚ್ಚೂ ಇದ್ರೆ ಅದರ ವೈರ್ ಕಿತ್ತು ನೋಡಿ. ಟರ್ಮಿನಲ್ ಒಳಗೆ ಆಯಿಲ್ ಇದ್ರೆ ಸ್ವಿಚ್ಚಿನ ಹೊಟ್ಟೆ ಒಡೆದಿದೆ, ಎಷ್ಟು ಬಿಗಿ ಮಾಡಿದ್ರೂ ನಿಲ್ಲಲ್ಲ.

ಹಳೇ ಸ್ಪ್ಯಾನರ್

ಟ್ಯಾಪೆಟ್ ಕವರ್ ಬಗ್ಗೆ. ಆರು ತಿಂಗಳಿಗೇ ಹೋಯ್ತು ಅಂದ್ರೆ ಪ್ಯಾಕಿಂಗ್ ತಪ್ಪಲ್ಲ, ಬಿಗಿ ಮಾಡಿದ ಕೈ ತಪ್ಪು. ಕಾರ್ಕ್ ಪ್ಯಾಕಿಂಗಿಗೆ ಜೋರು ಕೊಟ್ರೆ ಬೋಲ್ಟಿನ ಹತ್ರ ಹಿಂಡಿ ಹೋಗುತ್ತೆ, ಬೋಲ್ಟ್ ನಡುವೆ ಎದ್ದು ನಿಲ್ಲುತ್ತೆ. ಸೋರ್ತಿದೆ ಅಂತ ಇನ್ನೂ ಬಿಗಿ ಮಾಡ್ತಾರೆ, ಇನ್ನೂ ಸೋರುತ್ತೆ.

ಕವರ್ ತೆಗೆದು ಗಾಜಿನ ಮೇಲೆ ಬೋರಲು ಇಟ್ಟು ಅಂಚಿನ ಕೆಳಗೆ 0.5 ಮಿ.ಮೀ. ಫೀಲರ್ ತೂರುತ್ತಾ ನೋಡಿ. ತೂರಿದ್ರೆ ಅಂಚು ಡೊಂಕಾಗಿದೆ. ತಗಡಿನ ಕವರಾದ್ರೆ ಮರದ ದಿಮ್ಮಿ ಮೇಲಿಟ್ಟು ಚಿಕ್ಕ ಸುತ್ತಿಗೆಯಲ್ಲಿ ಬೋಲ್ಟ್ ತೂತಿನ ಸುತ್ತ ಎದ್ದಿರೋದನ್ನ ಹದವಾಗಿ ತಟ್ಟಿ ಸಮ ಮಾಡಿ. ಚೇಂಬರಿನ ಅಂಚಿಗೂ ಇದೇ ವಿಧಾನ. ಹಳೇ ಪ್ಯಾಕಿಂಗ್ ಚೂರು ಹೆಡ್ಡಿನೊಳಗೆ ಬೀಳದ ಹಾಗೆ ಬಟ್ಟೆ ತುಂಬಿ ಕೆರೆಯಿರಿ. ಎರಡೂ ಮುಖ ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿ, ಒಂದು ಹನಿ ಆಯಿಲೂ ಇರಬಾರದು. ಪ್ಯಾಕಿಂಗನ್ನ ಕವರಿನ ಕಡೆ ಮಾತ್ರ ಅಂಟಿಸಿ, ಹೆಡ್ಡಿನ ಕಡೆ ಒಣ. ಮಧ್ಯದಿಂದ ಎರಡು ಸುತ್ತಿನಲ್ಲಿ ಬಿಗಿ ಮಾಡಿ, ಸಣ್ಣ ರ‍್ಯಾಚೆಟ್ಟನ್ನ ಎರಡು ಬೆರಳಲ್ಲಿ ಹಿಡಿದಷ್ಟೇ ಜೋರು. ಇಂಜಿನ್ ಒಂದು ಸಲ ಬಿಸಿಯಾಗಿ ತಣ್ಣಗಾದ ಮೇಲೆ ಇನ್ನೊಂದು ಎಂಟನೇ ಒಂದು ತಿರುವು, ಅಷ್ಟೇ.

ಸಿಲಿಕಾನ್ ಗಮ್ಮನ್ನ ಟೂತ್‌ಪೇಸ್ಟ್ ಹಾಗೆ ಹಿಂಡಬೇಡಿ. ಹೊರಗೆ ಉಬ್ಬಿದ್ದು ಕಣ್ಣಿಗೆ ಕಾಣುತ್ತೆ, ಒಳಗೂ ಅಷ್ಟೇ ಉಬ್ಬಿರೋದು ಕಾಣಲ್ಲ. ಅದು ಕಳಚಿ ಚೇಂಬರಿಗೆ ಬಿದ್ದು ಆಯಿಲ್ ಪಂಪಿನ ಜಾಲರಿಗೆ ಮೆತ್ತಿಕೊಂಡ್ರೆ ಲೀಕ್ ನಿಲ್ಲುತ್ತೆ, ಇಂಜಿನ್ನೂ ನಿಲ್ಲುತ್ತೆ. ಮೂಲೆಗಳಿಗೆ ಮಾತ್ರ 2 ಮಿ.ಮೀ. ಗೆರೆ ಸಾಕು.

ಲೇತ್ ಮನೆ

ಇಷ್ಟೆಲ್ಲ ಮಾಡಿದ ಮೇಲೂ ಹೆಡ್ಡಿನ ಬೆನ್ನು ಒಣಗಿದ್ದು ಬೆಲ್ ಹೌಸಿಂಗ್ ತೂತಿನಲ್ಲಿ ಕಪ್ಪು ಆಯಿಲ್ ಬಂದ್ರೆ ಆವಾಗ ಹಿಂದಿನ ಸೀಲ್ ಮೇಲೆ ಅನುಮಾನ ಪಡಿ. ಇಳಿಸೋ ಮುಂಚೆ ಒಂದು ಪರೀಕ್ಷೆ: ಇಂಜಿನ್ ಆಫ್, ಒಬ್ರು ಕ್ಲಚ್ ಒತ್ತಿ ಬಿಡ್ಲಿ, ಇನ್ನೊಬ್ರು ಮುಂದೆ ಕ್ರ್ಯಾಂಕ್ ಪುಲ್ಲಿ ನೋಡ್ಲಿ. ಪುಲ್ಲಿ ಕಣ್ಣಿಗೆ ಕಾಣೋ ಹಾಗೆ ಮುಂದಕ್ಕೆ ಹಿಂದಕ್ಕೆ ಅಲ್ಲಾಡಿದ್ರೆ ಥ್ರಸ್ಟ್ ವಾಶರ್ (ಕ್ರ್ಯಾಂಕ್ ಮುಂದೆ ಹಿಂದೆ ಜರುಗದ ಹಾಗೆ ತಡೆಯೋದು) ಸವೆದಿದೆ. ಆ ಕ್ರ್ಯಾಂಕಿಗೆ ಎಂಥ ಸೀಲ್ ಹಾಕಿದ್ರೂ ಬಾಳಲ್ಲ.

ಇಳಿಸಿದ್ರೆ ಟ್ರಾನ್ಸ್‌ಫರ್ ಕೇಸ್ ಸೇರಿ ಇಬ್ಬರ ಕೈಗೆ ಮೀರಿದ ಭಾರ, ಚೈನ್ ಪುಲ್ಲಿಯೋ ಗೇರ್ ಬಾಕ್ಸ್ ಜಾಕೋ ಬೇಕು. ಒಂದೇ ಇಳಿಸಾಟದಲ್ಲಿ ಗೇರ್ ಬಾಕ್ಸ್ ಇನ್‌ಪುಟ್ ಸೀಲ್, ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್ ಮೂರೂ ಹೊಸದು ಹಾಕಿಬಿಡಿ. ಕ್ಯಾಮ್‌ಶಾಫ್ಟ್ ಹಿಂದಿನ ಪ್ಲಗ್ ಒಣಗಿದೆಯಾ ನೋಡಿ, ಅದು ಬಿಟ್ರೂ ಥೇಟ್ ಸೀಲ್ ಲೀಕಿನ ಹಾಗೇ ಕಾಣುತ್ತೆ. ಕ್ರ್ಯಾಂಕಿನಲ್ಲಿ ಸೀಲ್ ಕೂರೋ ಜಾಗಕ್ಕೆ ಉಗುರು ಎಳೆಯಿರಿ. ಗೆರೆ ಸಿಕ್ಕಿದ್ರೆ ಹೊಸ ಸೀಲನ್ನ ಹಳೇ ಜಾಗಕ್ಕಿಂತ 1–2 ಮಿ.ಮೀ. ಆಚೀಚೆ ಕೂರಿಸಿ, ಗೆರೆ ಆಳ ಇದ್ರೆ ತೆಳು ಸ್ಟೀಲ್ ಸ್ಲೀವ್ ಹಾಕಿಸಿ. ರಬ್ಬರ್ ತುಟಿಯ ಸೀಲಿಗೆ ಆಯಿಲ್ ಸವರಿ ಕೂರಿಸ್ಬೇಕು, ಬಿಳೀ ಟೆಫ್ಲಾನ್ ತುಟಿಯದಕ್ಕೆ ಸವರಲೇಬಾರದು, ಒಣಗೇ ಹಾಕೋದು. ಇನ್ನೂ ಹಳೇ ಇಂಜಿನ್ನುಗಳಲ್ಲಿ ಹಗ್ಗದ ಸೀಲ್ ಇದ್ರೆ ಅದನ್ನ ಆಯಿಲಿನಲ್ಲಿ ನೆನೆಸಿ, ಗುಂಡು ಸಲಾಕೆಯಿಂದ ಉರುಳಿಸಿ ಕೂರಿಸಿ, ತುದಿ ಅರ್ಧ ಮಿ.ಮೀ. ಎದ್ದಿರೋ ಹಾಗೆ ಬ್ಲೇಡಿನಲ್ಲಿ ಕತ್ತರಿಸೋದು.

ಲೀಕ್ ನಿಲ್ಲಿಸೋ ಬಾಟಲಿ ಔಷಧಿ ಯಾರಾದ್ರೂ ಹೇಳಿದ್ರೆ: ಅದು ರಬ್ಬರನ್ನ ಊದಿಸುತ್ತೆ, ಕೆಲವು ತಿಂಗಳು ಜಿನುಗು ಕಡಿಮೆ ಆಗಬಹುದು. ಗಾಡಿ ಮಾರೋರಿಗೆ ಸರಿ.

ಬಾಳೂರು ಜೀಪು

ಚಾರ್ಜಿಂಗ್ ಲೈಟ್ ಮಿಣುಕ್ತಿಲ್ಲ, ಬ್ರೇಕ್ ಸರಿ ಇದೆ. ವಾಪಸ್ ಪೈಪು ಕ್ಲಿಪ್ಪಿನ ಹತ್ರ ಸೀಳಿತ್ತು, ಬ್ಯಾಂಜೊ ವಾಶರೂ ಒದ್ದೆ. ಎರಡೂ ಹೊಸದು. ಕವರ್ ಅಂಚು ಹಿಂದೆ ಎದ್ದಿತ್ತು, ತಟ್ಟಿ ಕಾರ್ಕ್ ಹಾಕಿದೆ. 60 ಕಿ.ಮೀ. ಆಯ್ತು, ಮೇಲೆ ಎಲ್ಲಾ ಒಣಗಿದೆ. ಆದ್ರೆ ಬೆಲ್ ಹೌಸಿಂಗ್ ತೂತಿನಲ್ಲಿ ಇನ್ನೂ ಬೆಳಿಗ್ಗೆ ಐದಾರು ತೊಟ್ಟು ಇರುತ್ತೆ. ಸೀಲೂ ಹೋಗಿದೆ ಅಂತಾನಾ?

ಹಳೇ ಸ್ಪ್ಯಾನರ್

ಈಗಲೇ ಹಾಗನ್ಬೇಡಿ. ಒಳಗೆ ವರ್ಷಗಟ್ಟಲೆ ಸೇರಿದ್ದು ಇಳಿಯೋಕೆ ಒಂದು ವಾರ, ಹತ್ತು ದಿನ ಹಿಡಿಯುತ್ತೆ. ಆ ತೂತಿಗೆ ಕೆಸರು ಮೆತ್ತಿದ್ರೆ ತಂತಿಯಲ್ಲಿ ಬಿಡಿಸಿ, ಮಳೆಗಾಲ ಪೂರ್ತಿ ಹದಿನೈದು ದಿನಕ್ಕೊಂದು ಸಲ ಬಿಡಿಸ್ತಾ ಇರಿ. ಅದು ಕಟ್ಟಿದ್ರೆ ಆಯಿಲ್ ಒಳಗೇ ನಿಂತು ಕ್ಲಚ್ ಪ್ಲೇಟಿಗೆ ಹಾರುತ್ತೆ. ಕೆಳಗೆ ರಟ್ಟು ಹಾಸಿ, ದಿನಾ ಬೆಳಿಗ್ಗೆ ತೊಟ್ಟಿನ ಸುತ್ತ ಪೆನ್ನಿನಲ್ಲಿ ಗೆರೆ ಎಳೆದು ತಾರೀಕು ಬರೀರಿ. ಕಡಿಮೆ ಆಗ್ತಾ ಹೋದ್ರೆ ಹಳೇ ಬಾಕಿ. ಹತ್ತು ದಿನ ಆದ್ರೂ ಐದಾರೇ ಇದ್ರೆ, ಲೇತ್ ಮನೆಯವರು ಹೇಳಿದ ಪುಲ್ಲಿ ಪರೀಕ್ಷೆ ಮಾಡಿ ಇಲ್ಲಿ ಬರೀರಿ.